ಸೀಜ್ ಆದ ಚೈನ್ ಗರಗಸದ ಎಂಜಿನ್ ಬಿಚ್ಚಿ ಕಟ್ಟಿದ ಬಗೆ

ಕಾಫಿ ತೋಟದ ಮರಗಸಿಗೆ (ನೆರಳು ಮರಗಳ ಕೊಂಬೆ ಕಡಿಯಲು), ಮನೆ ಸೌದೆಗೆ ಮಲೆನಾಡಿನಲ್ಲಿ ಬಳಕೆಯಲ್ಲಿರುವ ಸಣ್ಣ ಗರಗಸಗಳಲ್ಲಿ ಸ್ಟಿಲ್ ಎಂಎಸ್ 180 ಒಂದು. 31.8 ಸಿಸಿ, 38 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ). ಎಂಜಿನ್ ಕೆಲಸ ಹೊಸದಾಗಿ ಕಲಿಯುವವರಿಗೆ ಇದು ಒಳ್ಳೆಯ ಮೆಷಿನ್. ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಹೆಚ್ಚಿನ ಸ್ಕ್ರೂಗಳು ಟಿ27 ಟಾರ್ಕ್ಸ್, ಅಂದರೆ ನಕ್ಷತ್ರದಾಕಾರದ ತಲೆಯವು. ನಾನು ಕಟ್ಟಿದ್ದು ಪಿಸ್ಟನ್ ಸೀಜ್ ಆಗಿ, ಅಂದರೆ ಸಿಲಿಂಡರಿಗೆ ಕಚ್ಚಿಕೊಂಡು, ಸ್ಟಾರ್ಟರ್ ಹಗ್ಗ ಎಳೆಯಲು ಬಾರದಂತಾದ ಎಂಜಿನ್.

ಹೊಸ ಪಿಸ್ಟನ್ ತಂದು ಹಾಕುವುದು ಈ ಕೆಲಸದ ಸುಲಭದ ಭಾಗ. ಹಳೆಯದು ಯಾಕೆ ಹೋಯಿತು ಎಂದು ಪತ್ತೆಮಾಡದೆ ಹಾಕಿದರೆ ಹೊಸದೂ ಒಂದೆರಡು ಟ್ಯಾಂಕಿಗೆ ಹಾಳಾಗುತ್ತದೆ. ಆದ್ದರಿಂದ ಏನನ್ನೂ ಬಿಚ್ಚುವ ಮೊದಲು ಸೈಲೆನ್ಸರ್ ಮಾತ್ರ ತೆಗೆದು, ಎಕ್ಸಾಸ್ಟ್ ಕಿಂಡಿಯೊಳಗೆ ಟಾರ್ಚ್ ಬಿಟ್ಟು ಪಿಸ್ಟನ್ನಿನ ಮೈ ನೋಡಿ. ಆಮೇಲೆ ಕಾರ್ಬುರೇಟರ್ ಬಿಚ್ಚಿ ಇನ್ನೊಂದು ಬದಿಯನ್ನೂ ನೋಡಿ. ಎಕ್ಸಾಸ್ಟ್ ಬದಿಯಲ್ಲಷ್ಟೇ ಉದ್ದುದ್ದ ಗೀರುಗಳಿದ್ದರೆ ಗಾಳಿಗೆ ಬೆರೆಯುವ ಪೆಟ್ರೋಲ್ ಕಡಿಮೆಯಾಗಿ (ಮಿಶ್ರಣ ತೆಳುವಾಗಿ) ಎಂಜಿನ್ ಕಾದಿದೆ: ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಕಾರ್ಬುರೇಟರಿಗೆ ಪೆಟ್ರೋಲ್ ಸಾಲುತ್ತಿಲ್ಲ. ಸುತ್ತಲೂ ಗೀರಿದ್ದರೆ ಆಯಿಲ್ ಬೆರೆಸದ ಪೆಟ್ರೋಲ್ ಹಾಕಿದ್ದಾರೆ ಎಂದೇ ಲೆಕ್ಕ. ಇನ್‌ಟೇಕ್ ಬದಿ ಮಾಸಿ, ನುಣ್ಣಗೆ ಸವೆದಿದ್ದರೆ ಏರ್ ಫಿಲ್ಟರ್ ಹರಿದು ಮರದ ಪುಡಿ, ಮಣ್ಣು ಒಳಗೆ ಹೋಗಿದೆ. ನನ್ನ ಕೈಲಿದ್ದ ಎಂಜಿನ್ ಮೊದಲನೆಯ ಬಗೆಯದು.

ಟಿ27 ಕೀ, 13 ಮತ್ತು 19 ಎಂಎಂ ಸಾಕೆಟ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ಮೂತಿ ಸಣ್ಣದಾದ ಪ್ಲೈಯರ್, ಎರಡು ಮೀಟರ್ ಹತ್ತಿಯ ಹಗ್ಗ ಇದ್ದರೆ ಬಿಚ್ಚಲು ಸಾಕು. ಬಾರ್ (ಚೈನ್ ಓಡುವ ಪಟ್ಟಿ), ಚೈನ್, ಸ್ಟಾರ್ಟರ್ ಕವರ್ ತೆಗೆದ ಮೇಲೆ ಕ್ಲಚ್. ಇದರ ಮರೆ (ಸ್ಕ್ರೂವಿನ ಸುರುಳಿ ಗೆರೆ) ಎಡಮರೆ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ತಿಳಿಯದೆ ಮತ್ತೊಂದು ದಿಕ್ಕಿಗೆ ಬಲ ಹಾಕಿದರೆ ಮರೆ ಕಿತ್ತುಹೋಗುತ್ತದೆ. ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ತಿರುಗದಂತೆ ತಡೆಯಲು ಪ್ಲಗ್ ತೂತಿನಿಂದ ಹಗ್ಗವನ್ನು ಸುರುಳಿಯಾಗಿ ಇಳಿಸಿ. ಪಿಸ್ಟನ್ ಮೇಲೇರಿ ಎಕ್ಸಾಸ್ಟ್ ಕಿಂಡಿಯನ್ನು ಮುಚ್ಚಿದ ಮೇಲಷ್ಟೇ ಇಳಿಸಬೇಕು. ಇಲ್ಲದಿದ್ದರೆ ಹಗ್ಗ ಕಿಂಡಿಯ ಅಂಚಿಗೆ ಸಿಕ್ಕಿ ತುಂಡಾಗುತ್ತದೆ. ಸ್ಕ್ರೂಡ್ರೈವರ್ ತುರುಕುವುದು ಬೇಡವೇ ಬೇಡ, ಪಿಸ್ಟನ್ ತಲೆ ತೂತಾಗುತ್ತದೆ. ಎಂಜಿನ್ ಗಟ್ಟಿಯಾಗಿ ಹಿಡಿದಿದ್ದರೆ ಪ್ಲಗ್ ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟು ಒಂದು ರಾತ್ರಿ ಕಾಯಿರಿ.

ಮ್ಯಾಗ್ನೆಟ್ ಚಕ್ರದ ನಟ್ ಮಾಮೂಲಿ ಮರೆಯದು. ಅದನ್ನು ಪೂರ್ತಿ ತೆಗೆಯದೆ ಶಾಫ್ಟಿನ ತುದಿಗೆ ಸಮವಾಗುವಷ್ಟು ಬಿಟ್ಟು, ಚಕ್ರವನ್ನು ಹೊರಕ್ಕೆ ಹಗುರವಾಗಿ ಮೀಟುತ್ತಾ ನಟ್ ಮೇಲೆ ಒಮ್ಮೆ ತಟ್ಟಿದರೆ ಬಿಟ್ಟುಕೊಳ್ಳುತ್ತದೆ. ಚಕ್ರವನ್ನು ಶಾಫ್ಟಿನ ಮೇಲೆ ಸರಿಯಾದ ಜಾಗದಲ್ಲಿ ಹಿಡಿಯುವ ಒಳಗಿನ ಸಣ್ಣ ಕೀ ಕತ್ತರಿಸಿಹೋಗಿದೆಯೇ ನೋಡಿ. ಅದು ಹೋಗಿದ್ದರೆ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಹೊತ್ತು) ತಪ್ಪಿ, ಎಷ್ಟೇ ಹೊಸ ಪಿಸ್ಟನ್ ಹಾಕಿದರೂ ಸ್ಟಾರ್ಟ್ ಆಗುವುದಿಲ್ಲ. ಬಿಚ್ಚುತ್ತಾ ಹೋದಂತೆ ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೋ ತೆಗೆದು, ಆಯಾ ಭಾಗದ ಸ್ಕ್ರೂಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ. ಕೊನೆಗೆ ಅಡಿಯಿಂದ ಹಾಕಿರುವ ನಾಲ್ಕು ಸ್ಕ್ರೂ ತೆಗೆದರೆ ಎಂಜಿನ್ ಕೈಗೆ ಬರುತ್ತದೆ.

ಈ ಎಂಜಿನ್ನಿನಲ್ಲಿ ಸಿಲಿಂಡರ್ ಮೇಲ್ಭಾಗ, ಕ್ರ್ಯಾಂಕಿನ ಕೆಳಗೆ ಒಂದು ತಟ್ಟೆ. ಎರಡರ ನಡುವೆ ಗ್ಯಾಸ್ಕೆಟ್ ಇಲ್ಲ, ಸೀಲೆಂಟ್ (ಸಂದು ಮುಚ್ಚುವ ಅಂಟು) ಮಾತ್ರ. ತಟ್ಟೆ ಬಿಡಿಸಿದರೆ ಕ್ರ್ಯಾಂಕ್, ಬೇರಿಂಗ್, ಪಿಸ್ಟನ್ ಎಲ್ಲವೂ ಒಟ್ಟಿಗೆ ಹೊರಬರುತ್ತವೆ. ಕನೆಕ್ಟಿಂಗ್ ರಾಡನ್ನು ಮೇಲಕ್ಕೂ ಕೆಳಕ್ಕೂ ಅಲುಗಿಸಿ ನೋಡಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ತೊಂದರೆಯಿಲ್ಲ, ಮೇಲೆ ಕೆಳಗೆ ಆಡಲೇಬಾರದು. ಆಡಿದರೆ ಕ್ರ್ಯಾಂಕ್ ಹೋಗಿದೆ. ಆಗ ಖರ್ಚಿನ ಲೆಕ್ಕವನ್ನು ಹೊಸದಾಗಿ ಹಾಕಿ ಮುಂದುವರಿಯಬೇಕು.

ಸಿಲಿಂಡರಿನ ಗೀರು ಕಂಡು ಹೆದರಬೇಡಿ. ಬಹಳ ಸಲ ಅದು ಗೀರಲ್ಲ, ಪಿಸ್ಟನ್ನಿನಿಂದ ಕರಗಿ ಗೋಡೆಗೆ ಮೆತ್ತಿಕೊಂಡ ಅಲ್ಯೂಮಿನಿಯಂ. ಒಳಗಿನ ನಿಕಲ್ ಲೇಪನ ಗಟ್ಟಿ, ಅದು ಉಳಿದಿದ್ದರೆ ಹೊಸ ಸಿಲಿಂಡರ್ ಬೇಕಿಲ್ಲ. ಕೈಗವಸು, ಕನ್ನಡಕ ಹಾಕಿ, ಬಯಲಲ್ಲಿ ಕೂತು, ಕಿವಿಗೆ ಹಾಕುವ ಹತ್ತಿಯ ಕಡ್ಡಿಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಮೆತ್ತಿದ ಜಾಗಕ್ಕೆ ಮಾತ್ರ ಒತ್ತಿ. ಅಲ್ಯೂಮಿನಿಯಂ ಇದ್ದಲ್ಲಿ ನೊರೆ ಏಳುತ್ತದೆ. ಒರೆಸಿ, ಮತ್ತೆ ಹಚ್ಚಿ; ನೊರೆ ನಿಂತರೆ ಮೆತ್ತಿದ್ದು ಹೋಯಿತು, ಕೆಳಗೆ ಲೇಪನ ಇದೆ ಎಂದರ್ಥ. ಎಷ್ಟು ಹೊತ್ತಾದರೂ ಒಂದೇ ಜಾಗದಲ್ಲಿ ನೊರೆ ನಿಲ್ಲದಿದ್ದರೆ ಅಲ್ಲಿ ಲೇಪನ ಕಿತ್ತುಹೋಗಿ ಆಮ್ಲ ಸಿಲಿಂಡರನ್ನೇ ತಿನ್ನುತ್ತಿದೆ. ಆ ಸಿಲಿಂಡರ್ ಬಿಟ್ಟುಬಿಡಿ. ಕಿಂಡಿಗಳ ಅಂಚಿನಲ್ಲಿ ಲೇಪನವಿಲ್ಲದ ಅಲ್ಯೂಮಿನಿಯಂ ಇರುವುದರಿಂದ ಅಲ್ಲಿಗೆ ಆಮ್ಲ ತಗುಲಬಾರದು. ಮುಗಿದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ತೊಳೆದು, ಒಣಗಿಸಿ, ಕೂಡಲೇ ಆಯಿಲ್ ಸವರಿ. ಉಗುರಿನಿಂದ ಗೀಚಿದಾಗ ಎಲ್ಲೂ ತಡೆಯದಿದ್ದರೆ ಸಿಲಿಂಡರ್ ಬಳಸಬಹುದು.

ಪಿಸ್ಟನ್ ತರುವ ಮೊದಲು ಹಳೆಯದರ ವ್ಯಾಸ, ಗಜನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್) ವ್ಯಾಸ ಎರಡನ್ನೂ ಅಳೆಯಿರಿ. ಹೊಸ ರಿಂಗನ್ನು ಬರಿಯ ಸಿಲಿಂಡರಿಗೆ ಹಾಕಿ, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ತುದಿಗಳ ನಡುವಿನ ಸಂದು ನೋಡಿ. 0.1ರಿಂದ 0.3 ಮಿ.ಮೀ. ಇದ್ದರೆ ಸರಿ. ತುದಿಗಳು ಒಂದಕ್ಕೊಂದು ತಾಗುತ್ತಿದ್ದರೆ ಬಿಸಿಯಾದಾಗ ರಿಂಗ್ ಕಚ್ಚಿಕೊಳ್ಳುತ್ತದೆ. ಪಿಸ್ಟನ್ ತಲೆಯ ಬಾಣದ ಗುರುತು ಎಕ್ಸಾಸ್ಟ್ ಕಡೆಗೆ. ಆ ಪಿನ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಎರಡೂ ಹೊಸದು, ಅದರ ಬಾಯಿ ನೇರ ಮೇಲಕ್ಕೆ ಅಥವಾ ನೇರ ಕೆಳಕ್ಕೆ ಇರಬೇಕು. ಪಕ್ಕಕ್ಕಿದ್ದರೆ ಪಿಸ್ಟನ್ ಮೇಲೆ ಕೆಳಗೆ ಹೊಡೆಯುವಾಗ ಕ್ಲಿಪ್ ಕುಗ್ಗಿ ಜಾರಿ ಸಿಲಿಂಡರನ್ನೇ ಕೊರೆಯುತ್ತದೆ. ರಿಂಗಿನ ತುದಿಗಳು ಪಿಸ್ಟನ್ ತೋಡಿನ ಸಣ್ಣ ಮೊಳೆಯ ಎರಡೂ ಬದಿಗೆ ಕೂತಿವೆಯೇ ನೋಡಿಕೊಂಡು, ಬೆರಳಲ್ಲಿ ಒತ್ತಿ ಹಿಡಿದು, ಆಯಿಲ್ ಸವರಿ ನಿಧಾನಕ್ಕೆ ಒಳಗೆ ಬಿಡಿ. ತಡೆದರೆ ನಿಲ್ಲಿಸಿ, ಬಲ ಹಾಕಿದರೆ ರಿಂಗ್ ಮುರಿಯುತ್ತದೆ.

ಕ್ರ್ಯಾಂಕಿನ ಎರಡೂ ಆಯಿಲ್ ಸೀಲ್ ಹೊಸದನ್ನೇ ಹಾಕಿ. ಅಷ್ಟು ಬಿಚ್ಚಿದ ಮೇಲೆ ಹಳೆಯ ಸೀಲ್ ಉಳಿಸುವುದು ಉಳಿತಾಯವಲ್ಲ. ಸೇರುವ ಮೈಗಳನ್ನು ಥಿನ್ನರಿನಲ್ಲಿ ಒರೆಸಿ, ಪೆಟ್ರೋಲ್ ತಡೆಯುವ ಸೀಲೆಂಟನ್ನು ತೆಳ್ಳಗೆ ಹಚ್ಚಿ. ದಪ್ಪ ಹಚ್ಚಿದರೆ ಒಳಕ್ಕೆ ಉಕ್ಕಿ ಬೇರಿಂಗ್ ಸೇರುತ್ತದೆ. ಸ್ಕ್ರೂಗಳನ್ನು ಅಡ್ಡಡ್ಡ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದು, ರಾತ್ರಿಯಿಡೀ ಒಣಗಲು ಬಿಡಿ.

ಇನ್ನು ಯಾರೂ ಬಿಡಬಾರದ ಹಂತ, ಸೋರಿಕೆ ಪರೀಕ್ಷೆ. ಸೈಕಲ್ ಟ್ಯೂಬಿನ ತುಂಡನ್ನು ಸೈಲೆನ್ಸರ್ ಅಡಿಗಿಟ್ಟು ಬಿಗಿದು ಎಕ್ಸಾಸ್ಟ್ ಮುಚ್ಚಿ. ಪ್ಲಗ್ ಹಾಕಿ, ಪಿಸ್ಟನ್ ಪೂರ್ತಿ ಮೇಲಿಟ್ಟು, ಇನ್‌ಟೇಕ್ ಬಾಯಿಗೆ ಕೊಳವೆ ಇರುವ ಮುಚ್ಚಳ ಕೂರಿಸಿ. ಒತ್ತಡಕ್ಕೆ ಹಳೆಯ ಬಿ.ಪಿ. ಉಪಕರಣದ ಬಲ್ಬ್ ಮತ್ತು ಒತ್ತಡ ತೋರಿಸುವ ಗಡಿಯಾರ ಬಹಳ ಚೆನ್ನಾಗಿ ಆಗುತ್ತದೆ: ಅದರ ಕೊನೆಯ ಗೆರೆ 300 ಎಂಎಂ ಪಾದರಸ ಎಂದರೆ 0.4 ಬಾರ್ (ಬಾರ್ ಒತ್ತಡದ ಅಳತೆ). ವರ್ಕ್‌ಶಾಪಿನ ಕ್ರಮದಲ್ಲಾದರೆ 0.5 ಬಾರ್ ತುಂಬಿ 20 ಸೆಕೆಂಡ್ ನಿಲ್ಲಬೇಕು. ಮುಳ್ಳು ಇಳಿದರೆ ಸೀಲ್, ತಟ್ಟೆಯ ಸೇರುವೆ, ಇನ್‌ಟೇಕ್ ರಬ್ಬರ್, ಪ್ಲಗ್ ಬುಡಕ್ಕೆ ಸೋಪಿನ ನೀರು ಸವರಿ, ಗುಳ್ಳೆ ಏಳುವಲ್ಲಿ ತಪ್ಪಿದೆ. ಆಮೇಲೆ ವ್ಯಾಕ್ಯೂಮ್ ಪಂಪಿನಿಂದ 0.5 ಬಾರ್ ಎಳೆದು ಹಿಡಿಯಿರಿ. 20 ಸೆಕೆಂಡಿನಲ್ಲಿ 0.3ರವರೆಗೆ ಇಳಿದರೆ ಒಪ್ಪಬಹುದು. ಇದನ್ನು ಬೇರೆಯಾಗಿ ಮಾಡಲೇಬೇಕು, ಏಕೆಂದರೆ ಒತ್ತಡದಲ್ಲಿ ಬಿಗಿಯಾಗಿ ಕೂತ ಸೀಲಿನ ತುಟಿ ಎಳೆತಕ್ಕೆ ಸಿಕ್ಕಾಗ ಸೋರುವುದುಂಟು. ನನ್ನ ಎಂಜಿನ್ನಿನಲ್ಲಿ ಗುಳ್ಳೆ ಎದ್ದದ್ದು ಇನ್‌ಟೇಕ್ ರಬ್ಬರಿನ ಕೆಳಮಡಿಕೆಯಲ್ಲಿ. ಅಲ್ಲಿ ಕೂದಲಷ್ಟು ಸಣ್ಣ ಬಿರುಕು, ಬಗ್ಗಿಸಿದರೆ ಮಾತ್ರ ಕಾಣುವಂಥದ್ದು. ಹಳೆಯ ಪಿಸ್ಟನ್ ಸುಟ್ಟದ್ದು ಅದರಿಂದ.

ಕಾರ್ಬುರೇಟರಿನ ಡಯಾಫ್ರಂ (ಒಳಗಿನ ತೆಳು ಪೊರೆ) ಗಟ್ಟಿಯಾಗಿದ್ದರೆ ಕಿಟ್ ಬದಲಿಸಿ, ಟ್ಯಾಂಕಿನೊಳಗಿನ ಫಿಲ್ಟರನ್ನೂ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ಮಳೆಗಾಲದ ತೇವ ಹೀರಿಕೊಳ್ಳುತ್ತದೆ, ರಬ್ಬರನ್ನೂ ಕೆಡಿಸುತ್ತದೆ. ಆಯಿಲ್ ಬೆರೆಸಿದ ಪೆಟ್ರೋಲನ್ನು ತಿಂಗಳಿಗಿಂತ ಹೆಚ್ಚು ಇಡಬೇಡಿ, ಕೆಲಸವಿಲ್ಲದ ದಿನಗಳಲ್ಲಿ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆರುವವರೆಗೆ ಓಡಿಸಿ ಇಡಿ. ಸ್ಟಿಲ್‌ನದೇ ಟೂ-ಟಿ (ಟೂ-ಸ್ಟ್ರೋಕ್) ಆಯಿಲ್ ಆದರೆ ಲೀಟರಿಗೆ 20 ಮಿ.ಲೀ., ಬೇರೆಯದಾದರೆ 40 ಎಂದು ಕಂಪನಿಯ ಕೈಪಿಡಿ ಹೇಳುತ್ತದೆ. ಕಣ್ಣಂದಾಜು ಬೇಡ, ಸಿರಿಂಜಿನಲ್ಲಿ ಅಳೆಯಿರಿ.

ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಮತ್ತು ಮ್ಯಾಗ್ನೆಟ್ ಚಕ್ರದ ನಡುವೆ ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿದರೆ 0.2ರಿಂದ 0.3 ಮಿ.ಮೀ. ಸಂದು ಸಿಗುತ್ತದೆ. ಪ್ಲಗ್ ಗ್ಯಾಪ್ 0.5 ಮಿ.ಮೀ. ಕಾರ್ಬುರೇಟರಿನ ಎಲ್ ಸ್ಕ್ರೂ (ಕಡಿಮೆ ವೇಗದಲ್ಲಿ ಪೆಟ್ರೋಲ್ ಹೊಂದಿಸುವುದು) ಹಗುರವಾಗಿ ಮುಚ್ಚಿ ಒಂದು ಸುತ್ತು ಬಿಡಿ. ಸ್ಟಾರ್ಟ್ ಆದ ಮೇಲೆ ಚೈನ್ ತಿರುಗದಂತೆ ಐಡಲ್ (ಆಕ್ಸಿಲರೇಟರ್ ಒತ್ತದಾಗಿನ ವೇಗ) ಇಳಿಸಿ. ಆಕ್ಸಿಲರೇಟರ್ ಬಿಟ್ಟಾಗ ವೇಗ ತಡವಾಗಿ ಇಳಿದರೆ, ಅಥವಾ ತಾನೇ ಏರುತ್ತಾ ಹೋದರೆ, ಕೂಡಲೇ ಆರಿಸಿ. ಇನ್ನೂ ಎಲ್ಲೋ ಗಾಳಿ ಎಳೆಯುತ್ತಿದೆ.

ಮೊದಲ ಎರಡು ಮೂರು ಟ್ಯಾಂಕ್ ಮರಕ್ಕೆ ಹಾಕದೆ ಬರಿದೇ ಪೂರ್ತಿ ಎಳೆಸಬೇಡಿ. ಮೊದಲ ಟ್ಯಾಂಕ್ ಮುಗಿದು ಎಂಜಿನ್ ತಣಿದ ಮೇಲೆ ಸೈಲೆನ್ಸರ್ ನಟ್, ಅಡಿಯ ನಾಲ್ಕು ಸ್ಕ್ರೂ ಇನ್ನೊಮ್ಮೆ ಬಿಗಿದು, ಪ್ಲಗ್ ತೆಗೆದು ನೋಡಿ. ತುದಿ ತಿಳಿಕಂದು ಇದ್ದರೆ ಕೆಲಸಕ್ಕೆ ಕೊಡಬಹುದು. ಬೆಳ್ಳಗಿದ್ದರೆ ಕೊಡಬೇಡಿ, ಸೋಪಿನ ನೀರಿನ ಹಂತಕ್ಕೇ ವಾಪಸ್ ಹೋಗಿ.