ಬೆರಕೆ ಮಾತಿನ ಬಗ್ಗೆ ವಿದ್ಯಾರ್ಥಿಗಳ ಮನಸ್ಸು ತಿಳಿಯುವ ಬಗೆ

‘ಕನ್ನಡದಲ್ಲಿ ಬೇರೆ ಭಾಷೆ ಬೆರೆಸುವುದು ಸರಿಯೇ?’ ಎಂಬ ಪ್ರಶ್ನೆಯನ್ನು ಮೊದಲು ನಿಮ್ಮ ಪ್ರಶ್ನಾವಳಿಯಿಂದ ಹೊಡೆದುಹಾಕಿ. ಕಲಬುರಗಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧ ತಿದ್ದುವುದು ನನ್ನ ಕೆಲಸ. ಈ ಪ್ರಶ್ನೆ ಹೊತ್ತು ಬರುವವರಿಗೆ ಬರವಿಲ್ಲ. ಸಿಗುವ ಉತ್ತರವೂ ಒಂದೇ: ‘ತಪ್ಪು ಸರ್, ಅಚ್ಚ ಕನ್ನಡವೇ ಬೇಕು.’ ಹಾಗೆಂದವರು ಕ್ಯಾಂಟೀನಿನಲ್ಲಿ ಹೇಗೆ ಮಾತನಾಡುತ್ತಾರೆಂದು ನಿಮಗೇ ಗೊತ್ತು.

ಪ್ರಶ್ನೆ ಕೇಳುವ ಬದಲು ದನಿ ಕೇಳಿಸಿ. 1960ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮನಶ್ಶಾಸ್ತ್ರಜ್ಞ ವಾಲೆಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಕೆನಡಾದ ಮಾಂಟ್ರಿಯಲ್‌ನಲ್ಲಿ ಎರಡೂ ಭಾಷೆ ಬಲ್ಲವರಿಂದ ಒಂದೇ ಗದ್ಯವನ್ನು ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಓದಿಸಿದರು. ಎರಡೂ ಒಬ್ಬರದೇ ದನಿ ಎಂಬುದನ್ನು ಹೇಳದೆ ಆ ದನಿಗಳ ಗುಣವನ್ನು ಕೇಳುಗರಿಂದ ಅಳೆಯಿಸಿದರು. ದನಿ ಒಬ್ಬರದೇ ಆದ್ದರಿಂದ ಅಳತೆಯಲ್ಲಿ ಬರುವ ವ್ಯತ್ಯಾಸ ಭಾಷೆಯದು.

ನಮ್ಮ ಕಡೆ ಎರಡು ದನಿ ಸಾಲದು, ಮೂರು ಬೇಕು. 1948ರವರೆಗೆ ಇದು ನಿಜಾಮರ ಸೀಮೆ, ಕಚೇರಿಯ ಭಾಷೆ ಉರ್ದು. ಇಂದಿಗೂ ಓಣಿಗಳಲ್ಲಿ ದಖನಿ, ಅಂದರೆ ಈ ಕಡೆಯ ಆಡುಮಾತಿನ ಉರ್ದು, ಕಿವಿಗೆ ಬೀಳುತ್ತದೆ. ಇಂಗ್ಲಿಷ್ ಬೆರೆಸಿದವನಿಗೆ ಸಿಗುವ ಮರ್ಯಾದೆ ದಖನಿ ಬೆರೆಸಿದವನಿಗೂ ಸಿಗುತ್ತದೆಯೇ? ಕುತೂಹಲವಿರುವುದು ಇಲ್ಲಿ.

ಸೂಪರ್ ಮಾರ್ಕೆಟ್‌ನಿಂದ ಬಸ್ ಹಿಡಿದು ಪರೀಕ್ಷೆಗೆ ಹೊರಟವನ ಮಾತೊಂದನ್ನು ಬರೆಯಿರಿ. ಅದನ್ನೇ ಅಚ್ಚ ಕನ್ನಡದಲ್ಲಿ, ಇಂಗ್ಲಿಷ್ ಬೆರೆಸಿ, ದಖನಿ ಬೆರೆಸಿ ಒಬ್ಬರಿಂದಲೇ ಮೊಬೈಲಿನಲ್ಲಿ ಹೇಳಿಸಿ. ‘ಜಲ್ದಿ’ಯಂಥ ಒಂದೆರಡು ಪದ ಸೇರಿಸಿದರೆ ಬೆರಕೆಯೆಂದೇ ಯಾರಿಗೂ ಅನಿಸದು, ನಡುವೆ ಪೂರ್ತಿ ದಖನಿ ವಾಕ್ಯವೇ ಬರಲಿ. ಓದಿಸಬೇಡಿ, ಮಾತನಾಡಿಸಿ, ಓದುವ ದನಿಯಲ್ಲಿ ಬೆರಕೆ ನಾಟಕದಂತೆ ಕೇಳುತ್ತದೆ. ಮೂರರ ನಡುವೆ ಬೇರೆಯವರ ದನಿಗಳನ್ನು ತುಂಬಿ, ಇಲ್ಲದಿದ್ದರೆ ಗುಟ್ಟು ರಟ್ಟು.

ಪ್ರತಿ ದನಿಗೂ ವಿದ್ಯಾರ್ಥಿಗಳಿಂದ 1ರಿಂದ 5ರವರೆಗೆ ಅಂಕ ಕೊಡಿಸಿ: ವಿದ್ಯಾವಂತ, ನಂಬಿಗಸ್ಥ, ಗೆಳೆತನಕ್ಕೆ ಒಗ್ಗುವವ, ಜಂಬದವ, ಕೆಲಸಕ್ಕೆ ತಕ್ಕವ. ಇವನ್ನೆಲ್ಲ ಕೂಡಿಸಿ ಒಂದೇ ಮೊತ್ತ ಮಾಡಿದರೆ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆ ಕಿವುಚಿದಂತೆ. ಜಾಣನೆಂದು ಒಪ್ಪಿದವನನ್ನೇ ಗೆಳೆಯನಾಗಿ ಬೇಡವೆನ್ನಬಹುದು. ದೊಡ್ಡಸ್ತಿಕೆ ಒಂದು ಲೆಕ್ಕ, ಆಪ್ತತೆ ಇನ್ನೊಂದು.

ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದ ಅಂಕದ ಹಾಳೆಗಳನ್ನೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಹಾಳೆಗಳನ್ನೂ ಬೇರೆ ಬೇರೆ ಇಡಿ. ಕಡಗಂಚಿಗೆ ಹೊರರಾಜ್ಯದವರೂ ಓದಲು ಬರುತ್ತಾರೆ. ಕನ್ನಡ ಬಾರದವರಿಂದ ಅಂಕ ಕೊಡಿಸಬೇಡಿ. ಮನೆಮಾತು ಯಾವುದೆಂಬುದನ್ನು ಕೊನೆಯಲ್ಲಿ ಕೇಳಿ. ಮೊದಲೇ ಕೇಳಿದರೆ ಪರೀಕ್ಷೆ ಭಾಷೆಯದೆಂದು ಊಹಿಸುತ್ತಾರೆ. ಎಲ್ಲ ಮುಗಿದ ಮೇಲೆ ಮೂರೂ ಒಬ್ಬರದೇ ದನಿ ಎಂದು ತಿಳಿಸಿ, ತಮ್ಮ ಅಂಕ ಬಳಸುವುದು ಬೇಡವೆಂದವರ ಹಾಳೆಯನ್ನು ಅಲ್ಲೇ ಮರಳಿಸಿ.