ಪಲ್ಪರ್ ನೀರಿನಲ್ಲೂ ಬಿಳಿಮೀನು ಸಿಕ್ಕಿತು

ಕಾವೇರಿ ನೀರು ಸೋಸಿ, ಮೀನು ಅದರಲ್ಲಿ ಬಿಟ್ಟ ಡಿಎನ್‌ಎ ಹುಡುಕಿ, ಮಹಶೀರ್ (ಬಿಳಿಮೀನು) ಇದೆಯೋ ಇಲ್ಲವೋ ಹೇಳುತ್ತೇನೆ ಎಂದಾಗ ಹರಿಗೋಲು ನಡೆಸುವ ಅಣ್ಣ ನಂಬಲಿಲ್ಲ. ‘ಗಾಳ ಹಾಕದೆ ಬಿಳಿಮೀನು ಗೊತ್ತಾಗ್ತದಾ ಸಾರ್?’ ಎಂದರು. ಕಡಲಲ್ಲಿ ನಡೆದದ್ದು ಕಾಫಿ ನಾಡಿನ ಹೊಳೆಯಲ್ಲಿ ನಡೆಯೋದಿಲ್ಲ ಎಂದು ಲ್ಯಾಬಿನ ಗೆಳೆಯರೂ ಕಡ್ಡಿ ಮುರಿದಂತೆ ಹೇಳಿದ್ದರು. ಎರಡು ವರ್ಷ ಅವರ ಮಾತೇ ಗೆದ್ದಿತು.

ಕಾರವಾರ, ಮಂಗಳೂರು ಕಡೆ ಏಳೆಂಟು ವರ್ಷ ಕಡಲ ಇ-ಡಿಎನ್‌ಎ (ನೀರಿನಲ್ಲಿ ಉಳಿದ ಡಿಎನ್‌ಎಯ ಪರೀಕ್ಷೆ) ಮಾಡಿದವನು ನಾನು. ಅಲ್ಲಿ 2 ಲೀಟರ್ ನೀರನ್ನು 0.45 ಮೈಕ್ರಾನ್ ಸ್ಟೆರಿವೆಕ್ಸ್ ಫಿಲ್ಟರ್‌ನಲ್ಲಿ ಸೋಸಿ, ಮೀನುಗಳ ಡಿಎನ್‌ಎ ತುಣುಕನ್ನು ಹಿಡಿದು ನಕಲು ಮಾಡಿಸುವ ಮಿಫಿಶ್ ಪ್ರೈಮರ್ ಹಾಕಿದರೆ ಬಂಗುಡೆ, ಮತ್ತಿ ಸಾಲಾಗಿ ಬರುತ್ತಿದ್ದವು. ತೊರಕೆ, ಶಾರ್ಕ್‌ಗೆ ಅದರದೇ ಇನ್ನೊಂದು ಬಗೆ ಮಿಫಿಶ್-ಇ ಬೇಕು, ಅಷ್ಟೇ.

ಕೊಡಗಿನ ಮೊದಲ ಮಳೆಗಾಲದಲ್ಲಿ ಕೆಂಪು ನೀರು 300 ಮಿಲಿಲೀಟರ್ ಇಳಿಯುವಷ್ಟರಲ್ಲಿ ಫಿಲ್ಟರ್ ಕಟ್ಟಿಕೊಳ್ಳುತ್ತಿತ್ತು. ಒಂದಕ್ಕೆ ಆರೇಳುನೂರು ರೂಪಾಯಿ. ಐವತ್ತರ ಮೇಲೆ ಎಸೆದಿದ್ದೇನೆ, ಅರ್ಧದಷ್ಟು ಕೈಯಿಂದ ಹಾಕಿದ ದುಡ್ಡು.

ನೀರು ತಿಳಿಯಾಗಲಿ ಎಂದು ಡಿಸೆಂಬರ್‌ವರೆಗೆ ಕಾದೆ. ವಾಲ್ನೂರಿನ ಹತ್ತಿರ ನನ್ನ ಕಣ್ಣೆದುರೇ ಮಹಶೀರ್ ಬಾಲ ಬಡಿದು ಮುಳುಗಿತು. ಅದೇ ಮಡುವಿನ ನೀರು ತಂದೆ. ಫಲಿತಾಂಶ ಸೊನ್ನೆ. ಮೂರು ಸಲ ಮಾಡಿದರೂ ಸೊನ್ನೆ. ಆ ರಾತ್ರಿ ಉಳಿದ ಫಿಲ್ಟರ್ ಬಿಚ್ಚಿ ನೋಡಿದೆ: ತೆಳು ಕಂದು ಲೇಪ, ಹುಳಿ ವಾಸನೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಅಜ್ಜನ ಪಲ್ಪರ್ ಮನೆಯ ಹಿಂದಿನ ಗುಂಡಿಯ ವಾಸನೆ ಅದು, ಚಿಕ್ಕಂದಿನಿಂದ ಬಲ್ಲೆ. ಕಾಫಿ ಕುಯ್ಲಿನ ಕಾಲ, ಹಣ್ಣು ತೊಳೆದ ನೀರು ತೋಡು ಸೇರಿ ಹೊಳೆಗೆ ಬರುತ್ತಿತ್ತು.

ಸಾಕಿದ ಮಹಶೀರ್‌ನ ರೆಕ್ಕೆ ಚೂರಿನಿಂದ ತೆಗೆದ ಡಿಎನ್‌ಎಯನ್ನೇ ಆ ಸ್ಯಾಂಪಲ್‌ಗೆ ಬೆರೆಸಿ ಓಡಿಸಿದೆ. ಆಗಲೂ ಸೊನ್ನೆ! ಮೀನು ಇಲ್ಲದ್ದಲ್ಲ, ಕಾಫಿಯ ಪಾಲಿಫಿನಾಲ್‌ಗಳು ಡಿಎನ್‌ಎ ನಕಲು ಮಾಡುವ ಕಿಣ್ವ ಪಾಲಿಮರೇಸನ್ನು ಕಟ್ಟಿಹಾಕಿದ್ದವು. ಹತ್ತು ಪಟ್ಟು ತೆಳು ಮಾಡಿದೆ, ಇಂಥ ಅಡ್ಡಿಯನ್ನು ತಗ್ಗಿಸುವ ಬಿಎಸ್‌ಎ ಪ್ರೋಟೀನ್ ಹೆಚ್ಚಿಸಿದೆ, ಪ್ರತಿ ಸ್ಯಾಂಪಲ್ಲನ್ನೂ ಪಿಸಿಆರ್ ತಟ್ಟೆಯ ಎಂಟು ಗುಳಿಗಳಲ್ಲಿ ಓಡಿಸಿದೆ. ನಾನೇ ಬರೆದ ಪ್ರೈಮರ್‌ನಲ್ಲಿ ನಕಲಿನ 34–35ನೇ ಸುತ್ತಿಗೆ (ಸೈಕಲ್) ಮಹಶೀರ್ ಡಿಎನ್‌ಎ ತೋರಿಸುವ ಗೆರೆ ಮೇಲೆದ್ದಿತು. ಮೀನಿನ ಡಿಎನ್‌ಎ ಇಲ್ಲದೆ ಓಡಿಸಿದ ಬ್ಲ್ಯಾಂಕ್‌ಗಳು ಶುದ್ಧ. ಕಡಲಿನಲ್ಲೂ ಅಷ್ಟು ಖುಷಿಪಟ್ಟಿರಲಿಲ್ಲ. ಡಿಎನ್‌ಎ ತೆಗೆಯುವ ಮೊದಲು ಫಿಲ್ಟರ್‌ಗೆ ಒಂದು ತೊಳೆತ ಕೊಡುತ್ತೇನೆ, ಅರ್ಧ ಗೆಲುವು ಅದರಲ್ಲೇ ಇದೆ. ಏನೆಂದು ಸದ್ಯ ಬರೆಯುವುದಿಲ್ಲ. ನೀರನ್ನು ಮಡುವಿನ ಯಾವ ಭಾಗದಿಂದ ಎತ್ತುತ್ತೇನೆ ಎನ್ನುವುದನ್ನೂ.

ನಡುವೆ ಇನ್ನೊಂದು ಪ್ರಯೋಗ. ಒಂದು ಪೇಟೆಯ ಕೆಳಗಿನ ನೀರಿಗೆ ಮಿಫಿಶ್ ಹಾಕಿದರೆ ಬಂಗುಡೆ ಬಂತು! ಹಳೆಯ ಕಡಲ ಸ್ಯಾಂಪಲ್ ಬೆರೆತಿತೆಂದು ಹೆದರಿ ಬೆಂಚು, ಪಿಪೆಟ್ ಎಲ್ಲ ಬ್ಲೀಚ್‌ನಲ್ಲಿ ಒರೆಸಿ ಹೊಸದಾಗಿ ನೀರು ತಂದೆ. ಮತ್ತೆ ಬಂಗುಡೆ, ಜೊತೆಗೆ ಮತ್ತಿ. ಚರಂಡಿಗೂ ಮೇಲಿನ ನೀರಿನಲ್ಲಿ ಎರಡೂ ಇಲ್ಲ. ಊರಿನ ಅಡುಗೆ ಮನೆ, ಮೀನಂಗಡಿ ತೊಳೆದ ನೀರಿನದ್ದು ಅದು. ಹೊಳೆಗೆ ಕೊಳಚೆ ಎಲ್ಲಿ ಸೇರುತ್ತದೆಂದು ತಿಳಿಯಲು ಇದು ಚೆನ್ನಾಗಿ ಒದಗೀತು. ಡಿಎನ್‌ಎ ಅಕ್ಷರ ಓದಿಸುವ ಸೀಕ್ವೆನ್ಸಿಂಗ್‌ಗೆ ಸ್ಯಾಂಪಲ್‌ಗೆ ಆರೇಳು ಸಾವಿರ ಆಗುವುದರಿಂದ ಅಲ್ಲಿಗೇ ನಿಲ್ಲಿಸಿದ್ದೇನೆ.

ಈಗ ಉಳಿದಿರುವುದು ಗಟ್ಟಿ ಕೆಲಸ. ಮಿಫಿಶ್‌ನ 170 ಅಕ್ಷರದ ತುಣುಕನ್ನು ನಂಬಿ ಮಹಶೀರ್ ಜಾತಿಗಳನ್ನು ಬೇರ್ಪಡಿಸಲಾರೆ. ಕಾವೇರಿ ಕೊಳ್ಳದ ಡುಬ್ಬದ ಮಹಶೀರ್ ಟಾರ್ ರೇಮಾದೇವಿಯೇ ಎಂದು 2018ರಲ್ಲಿ ಖಚಿತವಾಯಿತು. ಅದು ಅಳಿವಿನ ತುತ್ತತುದಿಯಲ್ಲಿದೆ. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಅದೇ ಹೊಳೆಯಲ್ಲಿದೆ. ನನ್ನ ಗೆರೆ ಇವೆರಡರಲ್ಲಿ ಯಾವುದರದ್ದು? ಅದಕ್ಕೆ ಸೈಟೋಕ್ರೋಮ್ ಬಿ ಎಂಬ ಜೀನ್ ಮೇಲೆ ಎರಡು ಜೋಡಿ ಪ್ರೈಮರ್ ಬರೆದಿಟ್ಟಿದ್ದೇನೆ. ಮುಂದಿನ ಕುಯ್ಲಿಗೆ ಅದೇ ಮಡು, ಅದೇ ಹರಿಗೋಲು. ಬಾಟಲಿ ಹಿಡಿಯುವ ಮೊದಲು ಗ್ಲೌಸ್ ಹಾಕಬೇಕೆಂದು ಈಗ ಅಣ್ಣನೇ ನನ್ನ ಹುಡುಗರಿಗೆ ಹೇಳಿಕೊಡುತ್ತಾರೆ.