ಪ್ರಾಸ ಕೆಟ್ಟ ಕಡೆ ಕೂಲಿ ಲೆಕ್ಕ ಸಿಕ್ಕಿತು

ಹಳ್ಳಿ ಹೆಂಗಸರ ಹಾಡು ಸಂಗ್ರಹಿಸಿ, ಅವು ಯಾವ ಕಾಲದ್ದು ಅಂತ ಹುಡುಕೋದು ನನ್ನ ಗೀಳು. ಹಾಡಿಗೆ ನಮ್ಮ ಕಡೆ 'ಪದ' ಅಂತೀವಿ. ಹೋದ ತಿಂಗಳು ಪಾಂಡವಪುರದ ಕಡೆ ಒಂದು ಹಳ್ಳಿಯಲ್ಲಿ, ಅಟ್ಟದಿಂದ ಇಳಿಸಿದ ಹಳೇ ಲೆಕ್ಕದ ಪುಸ್ತಕವೊಂದನ್ನ ಬಿಚ್ಚಿಕೊಂಡು ಜಗಲಿ ಮೇಲೆ ಕೂತಿದ್ದೆ. ಅಂಚೆಲ್ಲ ಗೆದ್ದಲು ತಿಂದಿತ್ತು, ನಡುವಿನ ಹಾಳೆ ಗಟ್ಟಿಯಾಗಿತ್ತು. ಪಾರ್ಥಿವ ಸಂವತ್ಸರ, ಆಷಾಢ ಬಹುಳ. ಅಂದರೆ 1945ರ ನಾಟಿ ಕಾಲ. ಕೆಳಗೆ ಒಂದು ಸಾಲು: ನಾಟಿ ಹೆಣ್ಣಾಳು 14, ದರ 0-6-0, ಬಾಬ್ತು 5-4-0. ರೂಪಾಯಿ-ಆಣೆ-ಪೈ ಲೆಕ್ಕ, 16 ಆಣೆಗೆ ಒಂದು ರೂಪಾಯಿ. ಅಂದರೆ ಆಳಿಗೆ ಆರಾಣೆ.

ಪಕ್ಕದಲ್ಲಿ ನಮ್ಮ ಮನೆಯವರು, ಅಂದರೆ ನನ್ನ ಹೆಂಡತಿ, ಕೂತಿದ್ದರು. ನಾನು ಓದಿ ಮುಗಿಸೋ ಹೊತ್ತಿಗೆ ಅವರೇ ಮೆಲ್ಲಗೆ ಶುರು ಮಾಡಿಬಿಟ್ಟರು:

ಆರಾಣೆ ಕೂಲಿಗೆ ಊರೆಲ್ಲ ನಾಟಿಗೆ
ನೀರಾಗೆ ನಿಂತು ನಡ ಬಾಗಿ
ಯಾರವ್ವ ಕೊಡೋರು ಎಲೆಅಡಿಕೆ

ಈ ಪದಕ್ಕೆ ನಾನು ಎರಡು ವರ್ಷ ಮೊದಲೇ 'ಆರಾಣೆಯೇ ಮೂಲ, 1950ಕ್ಕಿಂತ ಹಿಂದಿನದು' ಅಂತ ಬರೆದಿಟ್ಟಿದ್ದೆ. ಆಗ ಪುಸ್ತಕ ಕೈಯಲ್ಲಿರಲಿಲ್ಲ, ಪದ ಮಾತ್ರ ಇತ್ತು. ಇತಿಹಾಸ ಪಾಠ ಮಾಡೋ ಸ್ನೇಹಿತರೊಬ್ಬರು "ಹಾಡಿನಲ್ಲಿ ಕಾಲ ಹುಡುಕೋದು ನೀರಿನ ಮೇಲೆ ಬರೆದಂಗೆ, ಹಾಡೋರು ದಿನಾ ಮಾತು ಬದಲಾಯಿಸ್ತಾರೆ" ಅಂದಿದ್ದರು. ಬದಲಾಯಿಸ್ತಾರೆ, ನಿಜ. ಎಲ್ಲಿ ಬದಲಾಯಿಸೋಕೆ ಆಗಲ್ಲ ಅನ್ನೋದೇ ನಾನು ಹಿಡಿದ ದಾರಿ.

ನಮ್ಮದು ಮಂಡ್ಯದಲ್ಲಿ ಮೈಕ್‌ಸೆಟ್ ಬಾಡಿಗೆ ಅಂಗಡಿ. ಮದುವೆ, ಹಬ್ಬ, ಕೊಂಡ, ತಿಥಿ ಎಲ್ಲಕ್ಕೂ ಹೋಗ್ತೀವಿ. ಹಾಗಾಗಿ ಹಳ್ಳಿಗಳ ಪರಿಚಯ ಮೊದಲಿಂದ ಇತ್ತು, ಶಬ್ದ ಕೇಳೋ ಕಿವಿಯೂ ಇತ್ತು. ಹಾಡು ಸಂಗ್ರಹಕ್ಕೆ ಇಳಿದಾಗ ಎಲ್ಲರೂ ಒಂದೇ ಮಾತು: ಜೀಶಂಪ (ಜೀ.ಶಂ. ಪರಮಶಿವಯ್ಯ), ಎಚ್.ಎಲ್. ನಾಗೇಗೌಡರು ಇಬ್ಬರೂ ನಮ್ಮ ನಾಗಮಂಗಲ ತಾಲ್ಲೂಕಿನವರೇ, ಅವರೆಲ್ಲ ಸಂಗ್ರಹ ಮಾಡಿ ಮುಗಿಸಿದಾರೆ, ನಿನಗೇನು ಉಳಿದಿದೆ? ಅವರ ಕೆಲಸದ ಮುಂದೆ ನಾನು ಕೈ ಮುಗಿದು ನಿಲ್ಲೋನೇ. ಆದರೆ ಅಚ್ಚಾದ ಪುಸ್ತಕದಲ್ಲಿ ಸಾಮಾನ್ಯವಾಗಿ ಒಂದು ಪದಕ್ಕೆ ಒಂದೇ ಪಾಠ, ಅಂದರೆ ಹಾಡಿದ ಒಂದೇ ರೂಪ, ಅದೂ ಚೆನ್ನಾಗಿರೋ ಪಾಠ. ನನಗೆ ಬೇಕಾಗಿದ್ದು ಕೆಟ್ಟ ಪಾಠಗಳು. ಇದು ನನಗೇ ಗೊತ್ತಾಗಿದ್ದು ಮೂರನೇ ವರ್ಷದಲ್ಲಿ.

ಮೊದಲ ವರ್ಷ ಪೂರಾ ದಂಡ. ಹಾಡಿನಲ್ಲಿ 'ಬಸ್ಸು' ಅಂತ ಬಂದರೆ ಬಸ್ಸು ಬಂದ ಮೇಲಿನ ಹಾಡು, 'ಕರೆಂಟು' ಬಂದರೆ ಕರೆಂಟು ಬಂದ ಮೇಲಿನದು ಅಂತ ಬರೆದುಕೊಂಡು ಹೋದೆ. 50-60 ಪದಕ್ಕೆ ಹೀಗೆ ಕಾಲ ಕಟ್ಟಿದ್ದೆ. ಆಮೇಲೆ ಕೆರಗೋಡಿನ ಕಡೆ ಅದೇ ಪದ 'ಗಾಡಿ' ಅಂತ ಸಿಕ್ಕಿತು, ಇನ್ನೊಂದು ಕಡೆ 'ಕುದುರೆ' ಅಂತ. ಪಟ್ಟಿ ಪೂರಾ ಹೊಡೆದುಹಾಕಿದೆ.

ಎರಡನೇ ವರ್ಷದ್ದು ಇನ್ನೂ ದೊಡ್ಡ ಏಟು. ಒಂದು ಸೋಬಾನೆ ಪದ 11 ಊರಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ ಥರ ಸಿಕ್ಕಿತು. 11 ಸಾಕ್ಷಿ ಸಿಕ್ಕಿದವು ಅಂತ ಬೀಗಿದೆ. ಒಂದು ರಾತ್ರಿ ಅಂಗಡಿಯಲ್ಲಿ ಹೆಡ್‌ಫೋನು ಹಾಕಿಕೊಂಡು ಕೇಳ್ತಾ ಇದ್ದಾಗ ತಲೆಗೆ ಹೊಳೀತು: ಎಲ್ಲರೂ ಎರಡನೇ ಸಾಲಾದ ಮೇಲೆ ಅಷ್ಟೇ ಹೊತ್ತು ನಿಲ್ಲಿಸ್ತಾರೆ. ಒಬ್ಬ ಅಜ್ಜಿ ಆ ಜಾಗದಲ್ಲಿ "ಹ್ಞೂಂ ಹ್ಞೂಂ" ಅಂತ ಗುನುಗ್ತಾಳೆ. ಅದು ಕ್ಯಾಸೆಟ್ಟಿನ ಹಾಡು! ಆ ಗುನುಗು ಹಾರ್ಮೋನಿಯಂ ಬರೋ ಜಾಗ. 11 ಊರಿನ ಸಾಕ್ಷಿ ಅಂದುಕೊಂಡಿದ್ದು ಒಂದೇ ಕ್ಯಾಸೆಟ್ಟಿನ 11 ನಕಲು. ಆವತ್ತಿನಿಂದ ನನ್ನ ನಿಯಮ ಇಷ್ಟೇ: ಎರಡು ಊರಲ್ಲಿ ಪದ ಒಂದೇ ಥರ ಇದ್ದರೆ ಅನುಮಾನ ಪಡಬೇಕು, ಬೇರೆ ಬೇರೆ ಇದ್ದರೆ ಸಂತೋಷ ಪಡಬೇಕು.

ಅದೇ ವರ್ಷ ಹಾರ್ಡ್ ಡಿಸ್ಕು ಹೋಯಿತು. ರಿಪೇರಿ ಅಂಗಡಿಯೊಂದರಲ್ಲಿ 6,000 ಇಸಕೊಂಡರು, ಒಂದು ಹಾಡೂ ವಾಪಸು ಬರಲಿಲ್ಲ. ಸುಮಾರು 70 ಪದ. ಅದರಲ್ಲಿ ಮೂವರು ಅಜ್ಜಿಯರು ಈಗ ಇಲ್ಲ. ಆ ನೋವು ಇವತ್ತಿಗೂ ಹೋಗಿಲ್ಲ. ಈಗ ಮೂರು ಕಡೆ ಇಡ್ತೀನಿ, ಒಂದು ಕಾಪಿ ಮೈಸೂರಿನಲ್ಲಿರೋ ಮಗಳ ಮನೆಯಲ್ಲಿ.

ಈಗ ದಾರಿ ಸಿಕ್ಕಿದ ಕಥೆ. ಆರಾಣೆ ಪದ ನನ್ನ ಹತ್ತಿರ ಆಗ ನಾಲ್ಕು ಊರಿನದಿತ್ತು. ಎರಡರಲ್ಲಿ 'ಆರಾಣೆ', ಒಂದರಲ್ಲಿ 'ಎಂಟಾಣೆ', ಒಂದರಲ್ಲಿ 'ಎಲ್ಡ್ರೂಪಾಯ್'. ಹೊಸಬ ನೋಡಿದರೆ ನಾಲ್ಕೂ ನಾಲ್ಕು ಕಾಲ ಅಂತಾನೆ. ಇದು ತ್ರಿಪದಿ, ಅಂದರೆ ಮೂರು ಸಾಲಿನ ಪದ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಅದೇ ಇದರ ಪ್ರಾಸ. ಎರಡನೇ ಅಕ್ಷರ ನೋಡಿ: ಆರಾಣೆ, ನೀರಾಗೆ, ಯಾರವ್ವ. ಮೂರೂ ಕಡೆ ರಕಾರ, ಮೂರೂ ಕಡೆ ಅದರ ಹಿಂದೆ ದೀರ್ಘ. 'ಎಂಟಾಣೆ' ಹಾಕಿದ ತಕ್ಷಣ ಮೊದಲ ಸಾಲು ಕಳಚಿ ಬೀಳುತ್ತೆ. ಅಂದರೆ ಪದ ಕಟ್ಟಿದವಳ ಬಾಯಲ್ಲಿ ಇದ್ದಿದ್ದು ಆರೇ ಆಣೆ. ಕೂಲಿ ಏರಿದ ಮೇಲೆ ಯಾರೋ ಎಂಟು ಮಾಡಿದಾರೆ, ಆಮೇಲೆ ರೂಪಾಯಿ ಮಾಡಿದಾರೆ. ಹಾಡುವಾಗ ಪ್ರಾಸ ಕೆಟ್ಟರೂ ಪರವಾಗಿಲ್ಲ, ಕೂಲಿ ತಮ್ಮ ಕಾಲದ್ದಾಗಿರಬೇಕು ಅಂತ ಅವರಿಗೆ ಅನ್ನಿಸಿದೆ. ಪ್ರಾಸದಲ್ಲಿ ಸಿಕ್ಕಿಕೊಂಡ ಮಾತು ಹಳೇದು, ಪ್ರಾಸ ಕೆಡಿಸಿದ ಮಾತು ಆಮೇಲಿನದು.

ಇನ್ನೊಂದು ವಿಷಯ ಧ್ವನಿಯಲ್ಲೇ ಇದೆ. ಬದಲಾದ ಮಾತು ಬಂದ ಕಡೆ ಹಾಡೋರು ಒಂದು ಎಳೆಯಷ್ಟು ತಡವರಿಸ್ತಾರೆ. ಕಿವಿಗೆ ಸರಿಯಾಗಿ ಕೇಳಲ್ಲ, ಕಂಪ್ಯೂಟರಿನಲ್ಲಿ ಕಾಣುತ್ತೆ. ಅದನ್ನ ಹೆಂಗೆ ಅಳೀತೀನಿ ಅನ್ನೋದನ್ನ ಇಲ್ಲಿ ಬಿಚ್ಚಿಡಲ್ಲ. ಅದು 20 ವರ್ಷ ಮೈಕಿನ ಹಿಂದೆ ಕೂತು ಸಂಪಾದಿಸಿದ್ದು.

ಸಕ್ಕರೆ ಕಾರ್ಖಾನೆಗೆ ಹತ್ತಿರದ ಒಂದೂರಲ್ಲಿ ಇದಕ್ಕೇ ತಿರುಗೇಟು ಸಿಕ್ಕಿತು:

ಎಂಟಾಣೆ ಕೂಲಿಗೆ ಹೊಂಟವಳೆ ನನ್ನಕ್ಕ
ಗಂಟೆಯ ಹೊಡೆಯೋ ಮೊದಲಾಗಿ

ಇಲ್ಲಿ ಎಂಟಾಣೆಗೆ ಪ್ರಾಸ ಸರಿಯಾಗಿದೆ! ಎರಡು ದಿನ ನಿದ್ದೆ ಬರಲಿಲ್ಲ, ನನ್ನ ಲೆಕ್ಕವೇ ತಪ್ಪೇನೋ ಅಂತ. ಆಮೇಲೆ ಗೊತ್ತಾಯಿತು, ಇದು ತೇಪೆ ಹಾಕಿದ ಪದ ಅಲ್ಲ, ಎಂಟಾಣೆ ಕಾಲದಲ್ಲಿ ಹೊಸದಾಗಿ ಕಟ್ಟಿದ ಪದ. ಆರಾಣೆ ಪದದಲ್ಲಿ ನೀರಿದೆ, ಬಾಗಿದ ನಡ ಇದೆ, ಎಲೆಅಡಿಕೆ ಇದೆ, ಹೊತ್ತಿನ ಲೆಕ್ಕ ಇಲ್ಲ. ಎಂಟಾಣೆ ಪದದಲ್ಲಿ ಗಂಟೆ ಬಂದಿದೆ. ನಾಟಿಗೆ ಹೋಗೋ ಹೆಂಗಸು ಗಂಟೆ ನೋಡೋ ಕಾಲ ಬಂತು ಅನ್ನೋದನ್ನ ಯಾವ ದಫ್ತರದಲ್ಲಿ ಬರೆದಿಟ್ಟಿದಾರೆ?

ನಾಲೆಯ ಪದ ಸಿಕ್ಕಿದ್ದು ಆಮೇಲೆ. ಕನ್ನಂಬಾಡಿ ಕಟ್ಟೆಯಿಂದ ಹುಲಿಕೆರೆ ಸುರಂಗದಲ್ಲಿ ಹಾದು ಬರೋ ವಿಶ್ವೇಶ್ವರಯ್ಯ ನಾಲೆಗೆ ಮೊದಲಿದ್ದ ಹೆಸರು ಇರ್ವಿನ್ ನಾಲೆ. 1926ರಿಂದ 1931ರವರೆಗೆ ವೈಸರಾಯ್ ಆಗಿದ್ದವನ ಹೆಸರು. ಎಂಬತ್ತು ದಾಟಿದ ಒಬ್ಬ ಅವ್ವ ಹಾಡಿದ್ದು:

ಇರವೀನ ನಾಲೆ ಬಂತು ಹೊಲವೆಲ್ಲ ಗದ್ದೆಯಾತು
ಕೆರೆನೀರ ಕೇಳೋರು ಯಾರಿಲ್ಲ
ಮರೆತಾರು ನಮ್ಮ ಹೊಲರಾಗಿ

"ಇರವಿನ ನಾಲೆ ಅಂದ್ರೆ ಏನವ್ವ?" ಅಂದೆ. ಸೊಂಟಕ್ಕೆ ಸಿಕ್ಕಿಸಿದ್ದ ಎಲೆ ಚೀಲ ಬಿಚ್ಚಿ, ಎಲೆ ಬೆನ್ನಿಗೆ ಸುಣ್ಣ ಸವರ್ತಾ ಅಂದಳು: "ಅಷ್ಟೂ ತಿಳೀದೇನ್ಲಾ ಮಗ? ಕೆರೇಲಿ ನೀರು ಬತ್ತೋಯ್ತದೆ. ನಾಲೇಲಿ ಯಾವಾಗ್ಲೂ ಇರ್ತದೆ. ಅದ್ಕೇಯ ಇರವಿನ ನಾಲೆ." ವೈಸರಾಯ್ ಹೆಸರು ನಮ್ಮ ಅವ್ವನ ಬಾಯಲ್ಲಿ ಅಚ್ಚಗನ್ನಡ ಆಗಿಹೋಗಿತ್ತು. ಅದಕ್ಕೇ ಇನ್ನೂ ಬದುಕಿತ್ತು, ಇರ-ಕೆರೆ-ಮರೆ ಅಂತ ಪ್ರಾಸ ಕಚ್ಚಿಕೊಂಡು ಕೂತಿತ್ತು. ಪಕ್ಕದೂರಲ್ಲಿ 'ವಿಶ್ವೇಶ್ವರಯ್ಯನ ನಾಲೆ ಬಂತು' ಅಂತ ಹಾಡ್ತಾರೆ. ಹೆಸರು ಸರಿ, ಪ್ರಾಸ ಇಲ್ಲ. ಮಂಡ್ಯ ಅಂದರೆ ಗದ್ದೆ, ಕಬ್ಬು ಅಂದುಕೊಳ್ಳೋರಿಗೆ ಈ ಮೂರು ಸಾಲು ಕೇಳಿಸ್ತೀನಿ. ಹೊಲರಾಗಿ, ಅಂದರೆ ಹೊಲದಲ್ಲಿ ಬೆಳೀತಿದ್ದ ರಾಗಿ, ಬಿಟ್ಟ ಸಂಕಟ ಅದರಲ್ಲಿದೆ.

ದುಡ್ಡಿನ ಮಾತು ಹೇಳಲೇಬೇಕು. ರೆಕಾರ್ಡರ್ 11,000ದ ಸುಮಾರು. ನಾಲ್ಕು ವರ್ಷದಲ್ಲಿ ಪೆಟ್ರೋಲು, ಎಲೆಅಡಿಕೆ, ಹಾಡಿದೋರಿಗೆ ಒಂದೊಂದು ಸೀರೆ ಎಲ್ಲ ಸೇರಿ 1 ಲಕ್ಷ 40 ಸಾವಿರ ಆಗಿರಬೇಕು. ಮೊದಮೊದಲು ಕೈಗೆ ದುಡ್ಡು ಕೊಡ್ತಿದ್ದೆ, ಅದು ತಪ್ಪಾಯಿತು. ದುಡ್ಡು ಕೊಟ್ಟರೆ ಚೆನ್ನಾಗಿರೋ ಪದ ಹಾಡ್ತಾರೆ, ಗೊತ್ತಿಲ್ಲದ್ದನ್ನೂ ಕಟ್ಟಿ ಹಾಡ್ತಾರೆ. ಸೀರೆಯನ್ನ ಹಬ್ಬದ ದಿನ ನಮ್ಮ ಮನೆಯವರು ಹೋಗಿ ಉಡಿಸಿ ಬರ್ತಾರೆ, ಹಾಡಿಗೂ ಅದಕ್ಕೂ ಗಂಟು ಹಾಕಲ್ಲ. ನಿಜ ಹೇಳಬೇಕಂದರೆ ಅರ್ಧ ಸಂಗ್ರಹ ಅವರದೇ. ಗಂಡಸು ಮೈಕು ಹಿಡಿದು ಕೂತರೆ ದೇವರ ಪದ ಬರುತ್ತೆ. ಅವರು ಕೂತು ಸೊಪ್ಪು ಸೋಸೋಕೆ ಶುರು ಮಾಡಿದರೆ ಅತ್ತೆ ಮೇಲಿನ ಪದ, ಕೂಲಿ ಕೊಡದ ಗೌಡನ ಮೇಲಿನ ಪದ ಬರುತ್ತೆ.

ಬೀಸೋ ಪದ ಮಾತ್ರ ಹಂಗೂ ಬರಲಿಲ್ಲ. "ಕಲ್ಲಿಲ್ದೆ ಎಂಗ್ಲಾ ಹಾಡಾದು, ಕೈ ತಿರುಗ್ದೆ ಬಾಯಿ ತಿರುಗ್ತದಾ?" ಅಂತ ಕೇಳಿದಳು ಒಬ್ಬ ಅಜ್ಜಿ. ಹಿತ್ತಲಲ್ಲಿ ಮಗುಚಿ ಬಿದ್ದಿದ್ದ ರಾಗಿಕಲ್ಲೊಂದನ್ನ 700 ಕೊಟ್ಟು ತಗೊಂಡೆ, ಆಟೋ ಬಾಡಿಗೆ 450, ಗೂಟ ಹಾಕಿಸಿ ಕಲ್ಲು ಹೊಯ್ಯಿಸೋಕೆ ಮತ್ತೆ 300. ಕಲ್ಲು ತಿರುಗಿದ ತಕ್ಷಣ ಮರೆತಿದ್ದೀನಿ ಅಂದಿದ್ದ ಅಜ್ಜಿ ಒಂದೇ ಸಮ 26 ಪದ ಹಾಡಿದಳು. ಆವತ್ತೇ ಒಂದು ಪರೀಕ್ಷೆನೂ ಮಾಡಿದೆ. ಎರಡು ಸೇರು ರಾಗಿಗೆ ಇಬ್ಬರು ಬೀಸಿದರೆ ಸುಮಾರು ಮುಕ್ಕಾಲು ಗಂಟೆ, 30-35 ಪದ. ಒಂಬತ್ತು ಜನರ ಮನೆಗೆ ದಿನಕ್ಕೆ ಎಷ್ಟು ಹಿಟ್ಟು ಬೇಕು ಅಂತ ಲೆಕ್ಕ ಹಾಕಿದರೆ, ಬೆಳಗಿನ ಜಾವ ಎಷ್ಟೊತ್ತಿಗೆ ಎದ್ದಿರಬೇಕು ಅನ್ನೋದು ತಾನಾಗೇ ಬರುತ್ತೆ. ನನ್ನ ತಾಯಿ ಏನು ಮಾಡ್ತಿದ್ದಳು ಅನ್ನೋದು ನನಗೆ ಆವತ್ತು ಅರ್ಥ ಆಯಿತು.

ಈ ದಾರಿ ಎಲ್ಲಾ ಕಡೆ ನಡೆಯಲ್ಲ. ಮಳವಳ್ಳಿ ಕಡೆ ನೀಲಗಾರರು (ಮಂಟೇಸ್ವಾಮಿ ಪರಂಪರೆಯ ಹಾಡುಗಾರರು) ಹಾಡೋ ಮಂಟೇಸ್ವಾಮಿ ಕಾವ್ಯಕ್ಕೆ ಹಚ್ಚಿ ನೋಡಿದೆ. ಹಲಗೂರು ಪಾಂಚಾಳರ, ಅಂದರೆ ಕಮ್ಮಾರರ, ಹತ್ತಿರ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣ ಬೇಡೋಕೆ ಹೋಗೋ ಭಾಗದಲ್ಲಿ ಕುಲುಮೆ ಕೆಲಸದ ಮಾತು ರಾಶಿ ಇವೆ. ಆದರೆ ಅದು ತ್ರಿಪದಿ ಅಲ್ಲ, ತಂಬೂರಿ ಮೇಲೆ ಮಾತು-ಹಾಡು ಬೆರೆತು ಹರಿಯೋದು, ಪ್ರಾಸದ ಹಿಡಿತ ಇಲ್ಲ. ಕೈಬಿಟ್ಟೆ. ಪ್ಲೇಗಿನ ಪದಗಳೂ ಕೈಕೊಟ್ಟವು. ಇಲಿ ಬಿತ್ತು, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದೆವು ಅಂತ ಇದೆ, ಪ್ರಾಸವೂ ಗಟ್ಟಿ ಇದೆ. ಆದರೆ 1898ರಲ್ಲಿ ಬಂದ ಪ್ಲೇಗು ಒಂದೇ ಸಲಕ್ಕೆ ಹೋಗಲಿಲ್ಲ, ಮತ್ತೆ ಮತ್ತೆ ಬಂತು. ಯಾವ ಸಲದ ಇಲಿ ಅಂತ ಪದ ಹೇಳಲ್ಲ. 'ನಯಾಪೈಸೆ' ಬಂದ ಕೋಲಾಟದ ಪದ ಒಂದು ಸಿಕ್ಕಿದೆ, ಅದು ಸಲೀಸು. ಆ ಹೆಸರು ಸರ್ಕಾರಿ ನಾಣ್ಯದ ಮೇಲೆ ಇದ್ದಿದ್ದೇ 1957ರಿಂದ 1964ರವರೆಗೆ.

ಸೋಬಾನೆ ಪದದ ಚಿನ್ನ, ತುಪ್ಪ, ಮುತ್ತಿನ ಲೆಕ್ಕ ನಾನು ಬರೆದುಕೊಳ್ಳೋದೇ ಇಲ್ಲ. ಅದು ಹಾರೈಕೆ. ದೂರು ಹೇಳೋ ಪದವನ್ನ ನಂಬ್ತೀನಿ. ಕೂಲಿ ಕಡಿಮೆ ಆಯಿತು ಅಂತ ಅಳೋಳು ಆಣೆ ಲೆಕ್ಕ ತಪ್ಪಲ್ಲ.

ಒಟ್ಟು 380 ಚಿಲ್ಲರೆ ಪದ ಇವೆ. ಗಟ್ಟಿಯಾಗಿ ಕಾಲ ಕಟ್ಟೋಕೆ ಆಗಿದ್ದು ಒಂಬತ್ತಕ್ಕೆ. ಪುಸ್ತಕದ ಫೋಟೋ ಮತ್ತು ಪದ ಎರಡನ್ನೂ ಆ ಇತಿಹಾಸದ ಸ್ನೇಹಿತರಿಗೆ ತೋರಿಸಿದೆ. ಎರಡು ಸಲ ಕೇಳಿದರು, 0-6-0 ಮೇಲೆ ಬೆರಳಿಟ್ಟುಕೊಂಡು ಮೂರನೇ ಸಲ ಹಾಕಿಸಿದರು. ಮುಂದಿನ ನಾಟಿಗೆ ಅವರೂ ಬರ್ತಾರಂತೆ.

ಮದ್ದೂರು, ಕೆ.ಆರ್. ಪೇಟೆ ಕಡೆ ಓಡಾಡೋರಲ್ಲಿ ಒಂದು ಕೋರಿಕೆ. ಆರಾಣೆ ಪದ ಅಲ್ಲೆಲ್ಲಾದರೂ ಹತ್ತಾಣೆ, ಮೂರು ರೂಪಾಯಿ, ಹೆಂಗೇ ಸಿಗಲಿ, ಪ್ರಾಸ ಕೆಟ್ಟಿದೆ ಅಂತ ತಿದ್ದಬೇಡಿ. ಹಾಡಿದಂಗೇ ಬರೆದಿಟ್ಟುಕೊಂಡು, ಊರ ಹೆಸರು ಮತ್ತು ಹಾಡಿದ ಅವ್ವ ಯಾವೂರಿಂದ ಮದುವೆಯಾಗಿ ಬಂದೋರು ಅನ್ನೋದನ್ನ ಪಕ್ಕದಲ್ಲೇ ಬರೆದುಕೊಳ್ಳಿ.